ಒಂದು ಬೀದಿ, ಒಂದು ಕೆರೆ, ಒಂದು ಕಡತ: ಬೆಂಗಳೂರಿನ ಪರಿಸರದ ಕೆಲಸಕ್ಕೆ ನಿವಾಸಿಗಳು ಕೈಹಾಕುವ ಬಗೆ

ಭಾನುವಾರ ಬೆಳಿಗ್ಗೆ ನಲವತ್ತು ಜನ ಕೈಗವಸು ತೊಟ್ಟು ಕೆರೆಯ ದಡದ ಪ್ಲಾಸ್ಟಿಕ್ ಹೆಕ್ಕುತ್ತಾರೆ, ಹತ್ತು ಗಂಟೆಗೆ ಇಡ್ಲಿ ತಿಂದು ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ಆ ಹೊತ್ತಿನಲ್ಲೂ ಮೇಲಿನ ಬಡಾವಣೆಯ ಒಳಚರಂಡಿ ನೀರು ಮಳೆನೀರಿಗೆಂದೇ ಇರುವ ರಾಜಕಾಲುವೆಯ ಮೂಲಕ ಅದೇ ಕೆರೆಗೆ ಸುರಿಯುತ್ತಲೇ ಇರುತ್ತದೆ. ಹೆಕ್ಕುವ ಕೆಲಸ ತಪ್ಪಲ್ಲ, ನೆರೆಹೊರೆಯವರ ಪರಿಚಯವಾಗಲು ಅದಕ್ಕಿಂತ ಒಳ್ಳೆಯ ದಾರಿಯೂ ಇಲ್ಲ. ಆದರೆ ಆ ಕೊಳಚೆಯ ಕೊಳವೆ ಎಲ್ಲಿ ಒಡೆದಿದೆ, ಅದನ್ನು ಸರಿಪಡಿಸಬೇಕಾದ ಎಂಜಿನಿಯರ್ ಯಾವ ಕಚೇರಿಯಲ್ಲಿ ಕೂರುತ್ತಾರೆ, ಅದಕ್ಕೆ ಬೇಕಾದ ಹಣ ಯಾವ ತಿಂಗಳಲ್ಲಿ ಮಂಜೂರಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿದವರ ಗುಂಪೇ ಕೆರೆಯನ್ನು ಉಳಿಸಿಕೊಂಡಿದೆ ಎಂಬುದನ್ನು ಬೆಂಗಳೂರಿನ ಕಳೆದ ಹದಿನೈದಿಪ್ಪತ್ತು ವರ್ಷಗಳ ಅನುಭವ ತೋರಿಸುತ್ತದೆ. ವಾರಕ್ಕೆ ಎರಡು ಗಂಟೆಯಂತೆ ಕನಿಷ್ಠ ಒಂದು ವರ್ಷ ಕೊಡಲು ಸಿದ್ಧರಿರುವ, ಕಚೇರಿಗಳ ಒಡನಾಟ ಇನ್ನೂ ಇಲ್ಲದ ನಿವಾಸಿಗಳಿಗಾಗಿ ಈ ಮಾರ್ಗದರ್ಶಿ.

ಮೊದಲು ಗಡಿ ಹಾಕಿಕೊಳ್ಳಿ

ನಗರದ ಪರಿಸರವನ್ನೆಲ್ಲ ಒಮ್ಮೆಗೇ ತಲೆಯ ಮೇಲೆ ಹೊತ್ತುಕೊಂಡು ಹೊರಟವರು ಮೂರು ತಿಂಗಳಲ್ಲಿ ದಣಿಯುತ್ತಾರೆ. ಆದ್ದರಿಂದ ನಡೆದೇ ಮುಗಿಸಬಹುದಾದಷ್ಟು ಜಾಗವನ್ನು, ಎಂದರೆ ನಾಲ್ಕಾರು ಅಡ್ಡರಸ್ತೆಗಳನ್ನೋ ಒಂದು ಕೆರೆಯ ಸುತ್ತಳತೆಯನ್ನೋ, ಆರಿಸಿಕೊಂಡು ಅದರ ಒಳಗಿನ ಒಂದೇ ಸಮಸ್ಯೆಯನ್ನು ಹಿಡಿಯಿರಿ. ಮೊದಲ ಎರಡು ವಾರ ಏನನ್ನೂ ಬದಲಿಸಲು ಹೋಗದೆ ಬರೀ ನೋಡಿ ಬರೆದುಕೊಳ್ಳಿ. ಕಸ ಬೀಳುವ ಮೂಲೆಗಳೆಷ್ಟು, ಕಸದ ಆಟೋ ಬರುವ ಸಮಯ ಯಾವುದು, ಮಳೆ ಬಂದಾಗ ನೀರು ನಿಲ್ಲುವ ಜಾಗ ಯಾವುದು, ಕಾಂಕ್ರೀಟು ಬುಡಕ್ಕೆ ಬಿಗಿದಿರುವ ಮರಗಳೆಷ್ಟು ಎಂಬುದನ್ನೆಲ್ಲ ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಇಡಿ. ಮುಂದೆ ಎಂಜಿನಿಯರ್ ಎದುರು ಕೂತಾಗ ‘ಇಲ್ಲಿ ಯಾವಾಗಲೂ ಕಸ ಇರುತ್ತದೆ’ ಎನ್ನುವುದಕ್ಕೂ ‘14 ದಿನಗಳಲ್ಲಿ 9 ದಿನ ಮಧ್ಯಾಹ್ನದ ಹೊತ್ತಿಗೆ ಇಲ್ಲಿ ಕಸ ಬಿದ್ದಿತ್ತು, ಇಗೋ ಫೋಟೊ’ ಎನ್ನುವುದಕ್ಕೂ ಸಿಗುವ ಉತ್ತರವೇ ಬೇರೆ.

ಇದರ ಜೊತೆಗೇ ಯಾವ ಕೆಲಸ ಯಾರದು ಎಂಬುದನ್ನು ತಿಳಿದುಕೊಳ್ಳಬೇಕು. ಹೊಸಬರ ಶಕ್ತಿ ಹೆಚ್ಚು ಪೋಲಾಗುವುದು ಇಲ್ಲಿಯೇ. ರಸ್ತೆ, ಪಾದಚಾರಿ ಮಾರ್ಗ ಮತ್ತು ರಸ್ತೆಬದಿಯ ಚರಂಡಿ ಪಾಲಿಕೆಯ ಎಂಜಿನಿಯರುಗಳದು. ದೊಡ್ಡ ರಾಜಕಾಲುವೆಗೆ ಬೇರೆಯೇ ವಿಭಾಗವಿದೆ. ಕುಡಿಯುವ ನೀರು ಮತ್ತು ಒಳಚರಂಡಿ ಜಲಮಂಡಳಿಯದು. ಕಸದ ಸಂಗ್ರಹಣೆಗೆ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತವಿದೆ. ಮರಕ್ಕೆ ಅರಣ್ಯ ವಿಭಾಗದ ವೃಕ್ಷ ಅಧಿಕಾರಿ. ವಿದ್ಯುತ್ ತಂತಿಗೆ ತಾಗುವ ಕೊಂಬೆಯಾದರೆ ಬೆಸ್ಕಾಂ. ಮನೆಯ ಮುಂದಿನ ಮೋರಿಯಲ್ಲಿ ಹರಿಯುವುದು ಮಳೆನೀರಾದರೆ ಒಂದು ಕಚೇರಿ, ಕೊಳಚೆಯಾದರೆ ಇನ್ನೊಂದು. ಎರಡೂ ಬೆರೆತು ಹರಿಯುವುದರಿಂದ ಪ್ರತಿಯೊಬ್ಬರೂ ಮತ್ತೊಬ್ಬರ ಕಡೆಗೆ ಬೆರಳು ತೋರಿಸುತ್ತಾರೆ. ಅಂಥ ಕಡೆ ಇಬ್ಬರನ್ನೂ ಒಂದೇ ದಿನ ಸ್ಥಳಕ್ಕೆ ಕರೆಸುವುದೊಂದೇ ಮದ್ದು. 2025ರ ಸೆಪ್ಟೆಂಬರ್‌ನಲ್ಲಿ ಹಳೆಯ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ಪಾಲಿಕೆಗಳು ಬಂದವು, ವಾರ್ಡುಗಳ ಗಡಿಗಳೂ ಬದಲಾದವು. ಹಾಗಾಗಿ ಹಿಂದಿನ 198 ವಾರ್ಡುಗಳ ಪಟ್ಟಿಯನ್ನು ನಂಬಿಕೊಂಡು ಅರ್ಜಿ ಬರೆಯದೆ, ನಿಮ್ಮ ಬೀದಿ ಈಗ ಯಾವ ಪಾಲಿಕೆಯ ಯಾವ ವಾರ್ಡಿನಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಕಸ: ಮನೆಬಾಗಿಲಿನ ಆರಂಭ

ಯಾವುದರಿಂದ ಶುರುಮಾಡಬೇಕು ಎಂದು ಕೇಳಿದರೆ ನಾನು ಹೇಳುವುದು ಕಸದಿಂದ. ಕೆರೆಗೆ ಒಪ್ಪಿಗೆ ಬೇಕು, ಮರಕ್ಕೆ ಕಾನೂನು ಬೇಕು; ಕಸಕ್ಕೆ ನಾಳೆ ಬೆಳಿಗ್ಗೆ ಎರಡು ಡಬ್ಬಿ ಮತ್ತು ಒಂದು ಚೀಲ ಇದ್ದರೆ ಸಾಕು. ಈ ಡಬ್ಬಿಗಳ ಹಿಂದೆ ಒಂದು ಕಹಿ ಚರಿತ್ರೆ ಇದೆ. ಬೆಂಗಳೂರು ತನ್ನ ಕಸವನ್ನು ವರ್ಷಗಟ್ಟಲೆ ಬೆರಕೆಯಾಗಿಯೇ ಲಾರಿಗೆ ತುಂಬಿ ಮಾವಳ್ಳಿಪುರ, ಮಂಡೂರುಗಳಂಥ ಹಳ್ಳಿಗಳ ಅಂಚಿನಲ್ಲಿ ಸುರಿಯಿತು. ಅಲ್ಲಿನ ಬಾವಿಯ ನೀರು ಕೆಟ್ಟಿತು, ಜನ ನೊಣ ಮತ್ತು ದುರ್ವಾಸನೆಯ ನಡುವೆ ಬದುಕಿದರು. 2012ರಲ್ಲಿ ಮಾವಳ್ಳಿಪುರದ ದಾರಿ ಮುಚ್ಚಿದಾಗ ನಗರದ ಬೀದಿಗಳಲ್ಲೇ ಕಸದ ಗುಡ್ಡಗಳೆದ್ದವು; 2014ರಲ್ಲಿ ಮಂಡೂರಿನವರು ರಸ್ತೆಗಿಳಿದು ಲಾರಿ ತಡೆದರು. ಇದೇ ಹೊತ್ತಿನಲ್ಲಿ ಹೈಕೋರ್ಟಿನಲ್ಲಿ ನಡೆಯುತ್ತಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆಯಿಂದ 2015ರ ಡಿಸೆಂಬರ್‌ನಲ್ಲಿ ಹೊರಬಂದದ್ದೇ ಎರಡು ಡಬ್ಬಿ, ಒಂದು ಚೀಲದ ಆದೇಶ: ಹಸಿ ಕಸಕ್ಕೆ ಹಸಿರು ಡಬ್ಬಿ, ಸ್ಯಾನಿಟರಿ ಮತ್ತು ಇತರ ತಿರಸ್ಕೃತ ಕಸಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಮತ್ತೆ ಮತ್ತೆ ಬಳಸಬಹುದಾದ ಚೀಲ. ಮರುವರ್ಷ ಬಂದ ಕೇಂದ್ರದ ಘನತ್ಯಾಜ್ಯ ನಿಯಮಗಳು ಮೂಲದಲ್ಲೇ ಬೇರ್ಪಡಿಸುವುದನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದವು.

ಬೀದಿಯಲ್ಲಿ ಇದನ್ನು ಜಾರಿಗೆ ತರುವಾಗ ಹೆಚ್ಚಿನವರು ಮಾಡುವ ತಪ್ಪೆಂದರೆ ಮೊದಲು ಕರಪತ್ರ ಹಂಚುವುದು. ಅದಕ್ಕೂ ಮುನ್ನ ಕಸದ ಆಟೋ ಚಾಲಕರನ್ನೂ ಅವರ ಜೊತೆ ಬರುವ ಪೌರಕಾರ್ಮಿಕರನ್ನೂ ಮಾತನಾಡಿಸಬೇಕು. ನೀವು ಬೇರ್ಪಡಿಸಿ ಕೊಟ್ಟದ್ದನ್ನು ಆಟೋದಲ್ಲಿ ಒಟ್ಟಿಗೆ ಸುರಿದರೆ ಬೀದಿಯ ಉತ್ಸಾಹ ಅಂದೇ ಸಾಯುತ್ತದೆ; ಆಟೋದಲ್ಲಿ ವಿಭಾಗಗಳಿಲ್ಲದಿರುವುದು, ಒಣ ಕಸಕ್ಕೆ ಬೇರೆ ದಿನ ಗೊತ್ತುಮಾಡದಿರುವುದು, ಸುತ್ತು ತಡವಾಗಿ ಕಾಂಪ್ಯಾಕ್ಟರ್ (ಕಸವನ್ನು ಒತ್ತಿ ತುಂಬಿಕೊಳ್ಳುವ ಲಾರಿ) ತಪ್ಪಿಹೋಗುವ ಆತಂಕ ಹೀಗೆ ಅದಕ್ಕೆ ಕಾರಣಗಳಿರುತ್ತವೆ, ಅವುಗಳಲ್ಲಿ ಹೆಚ್ಚಿನವು ಅವರ ಕೈಯಲ್ಲಿ ಇರುವುದಿಲ್ಲ. ಅವರ ಕಷ್ಟ ಕೇಳಿದ ಮೇಲೆ ಮೇಲ್ವಿಚಾರಕರ ಜೊತೆ ಕೂತು ಸಮಯ ಮತ್ತು ದಿನಗಳನ್ನು ಗೊತ್ತುಪಡಿಸಿಕೊಳ್ಳಿ. ಅದಾದ ಮೇಲೆ ಮನೆಮನೆಗೆ ಹೋಗಿ. ಹೋಗುವಾಗ ಬಾಡಿಗೆದಾರರನ್ನೂ ಮನೆಗೆಲಸಕ್ಕೆ ಬರುವವರನ್ನೂ ಬಿಡಬೇಡಿ, ಏಕೆಂದರೆ ಬಹಳಷ್ಟು ಮನೆಗಳಲ್ಲಿ ಕಸ ಹೊರಗಿಡುವವರು ಅವರೇ. ಮೊದಲ ಹದಿನೈದು ದಿನ ಒಬ್ಬಿಬ್ಬರು ಆಟೋ ಜೊತೆಯಲ್ಲೇ ನಡೆಯಿರಿ. ಬೆರಕೆ ಕೊಟ್ಟ ಮನೆಯವರನ್ನು ಬೀದಿಯಲ್ಲಿ ಗದರಿಸುವುದಕ್ಕಿಂತ, ಡಬ್ಬಿಯನ್ನು ಹಾಗೆಯೇ ಬಾಗಿಲಲ್ಲಿ ಬಿಟ್ಟು ಸಂಜೆ ಹೋಗಿ ಮಾತನಾಡುವುದು ಹೆಚ್ಚು ಫಲ ಕೊಡುತ್ತದೆ. ಡಯಾಪರು, ಪ್ಯಾಡುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿಡಲು ಹೇಳಿ. ಅದನ್ನು ಬರಿಗೈಯಲ್ಲಿ ಮುಟ್ಟಬೇಕಾದ ಮನುಷ್ಯರ ಬಗ್ಗೆ ಹೇಳಿದರೆ ಉಳಿದ ವಾದಗಳ ಅಗತ್ಯ ಬೀಳುವುದಿಲ್ಲ.

ಒಣ ಕಸ ವಾರ್ಡಿನ ಒಣತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ ಹೋಗಬೇಕು. ಇಂಥ ಹಲವು ಕೇಂದ್ರಗಳನ್ನು ನಡೆಸುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು. ಅವರನ್ನು ಸಂಘಟಿಸಿ ಗುರುತಿನ ಚೀಟಿ ಕೊಡಿಸುವಲ್ಲಿ ಹಸಿರು ದಳದಂಥ ಸಂಸ್ಥೆಗಳ ಪಾತ್ರ ದೊಡ್ಡದು. ನಿಮ್ಮ ಕೇಂದ್ರಕ್ಕೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ, ಹಾಲಿನ ಪ್ಯಾಕೆಟ್ಟನ್ನು ತೊಳೆದು ಕೊಟ್ಟರೆ ಮತ್ತು ತೊಳೆಯದೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿ.

ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವುದು ಎಲ್ಲಕ್ಕಿಂತ ಉತ್ತಮ, ಏಕೆಂದರೆ ಅದು ಲಾರಿಯನ್ನೇ ಹತ್ತುವುದಿಲ್ಲ. ತಳದಲ್ಲಿ ಮತ್ತು ಪಕ್ಕದಲ್ಲಿ ತೂತಿರುವ ಮಡಕೆಯನ್ನೋ ಡ್ರಮ್ಮನ್ನೋ ತೆಗೆದುಕೊಂಡು, ಅಡಿಯಲ್ಲಿ ಒಣ ಎಲೆಯ ಹಾಸು ಹಾಕಿ, ಪ್ರತಿದಿನದ ಸಿಪ್ಪೆ, ಸೊಪ್ಪಿನ ಕಡ್ಡಿ, ಟೀ ಚರಟಗಳ ಮೇಲೆ ಅಷ್ಟೇ ಪ್ರಮಾಣದ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಮುಚ್ಚುತ್ತಾ ಬನ್ನಿ. ಶುರುವಿನಲ್ಲಿ ಒಂದು ಲೋಟ ಹುಳಿ ಮಜ್ಜಿಗೆಯನ್ನೋ ಹಿಡಿ ಹಳೆ ಗೊಬ್ಬರವನ್ನೋ ಹಾಕಿದರೆ ಸೂಕ್ಷ್ಮಜೀವಿಗಳು ಬೇಗ ಹಿಡಿಯುತ್ತವೆ. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ತೇವ ಇರಬೇಕು. ನೀರು ಇಳಿದರೆ, ನಾತ ಬಂದರೆ, ಹುಳು ಕಂಡರೆ ಒಣ ಎಲೆ ಕಡಿಮೆಯಾಗಿದೆ ಎಂದೇ ಅರ್ಥ. ವಾರಕ್ಕೊಮ್ಮೆ ಕೆದಕಿ ಗಾಳಿ ಆಡಿಸಿದರೆ, ತುಂಬಿದ ಮಡಕೆ ಆರೆಂಟು ವಾರಗಳಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರವಾಗುತ್ತದೆ. ಮಾಂಸ, ಮೀನು, ಎಣ್ಣೆಯ ಪದಾರ್ಥಗಳನ್ನು ಕಲಿಯುವ ಕಾಲದಲ್ಲಿ ಹಾಕಬೇಡಿ. ನೋಡಿ ಕಲಿಯಬೇಕೆನ್ನುವವರಿಗೆ ಎಚ್‌ಎಸ್‌ಆರ್ ಬಡಾವಣೆಯಲ್ಲಿ ನಿವಾಸಿಗಳೇ ಮುಂದೆ ನಿಂತು ರೂಪಿಸಿದ ಸ್ವಚ್ಛ ಗೃಹ ಕಲಿಕಾ ಕೇಂದ್ರದಲ್ಲಿ ಬಗೆಬಗೆಯ ವಿಧಾನಗಳ ಮಾದರಿಗಳಿವೆ.

ಮಳೆನೀರು ಇಂಗಿಸುವುದು

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ಎಂಬ ಒಂದೇ ಲೆಕ್ಕ ನೆನಪಿಟ್ಟರೆ ಉಳಿದದ್ದನ್ನು ಯಾರು ಬೇಕಾದರೂ ಗುಣಿಸಬಹುದು: 30×40 ಅಡಿಯ ನಿವೇಶನದಲ್ಲಿ 80 ಚದರ ಮೀಟರಿನ ತಾರಸಿ ಇದ್ದರೆ ವರ್ಷಕ್ಕೆ 77 ಸಾವಿರ ಲೀಟರಿಗೂ ಹೆಚ್ಚು ನೀರು ಅದರ ಮೇಲೆ ಬೀಳುತ್ತದೆ, ಅದರಲ್ಲಿ ಐದನೇ ಒಂದು ಪಾಲು ಆವಿಯಾಗಿಯೋ ಸೋರಿಯೋ ಹೋಯಿತೆಂದು ಬಿಟ್ಟರೂ 60 ಸಾವಿರ ಲೀಟರಿನಷ್ಟು ಉಳಿಯುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿನ ಹಿಂದೆ ಓಡಿದ ಬಡಾವಣೆಗಳಿಗೆ ಈ ಲೆಕ್ಕ ಈಗ ತಮಾಷೆಯಾಗಿ ಕಾಣಲಾರದು. ಮಳೆನೀರು ಸಂಗ್ರಹವನ್ನು 2009ರಲ್ಲೇ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಿಗೆ ಕಡ್ಡಾಯ ಮಾಡಲಾಗಿದೆ. ಆದರೂ ಎಷ್ಟೋ ಮನೆಗಳಲ್ಲಿ ಕೊಳವೆಯೊಂದು ಗೋಡೆಗುಂಟ ಇಳಿದು ನೇರವಾಗಿ ಮೋರಿಗೆ ಸೇರುತ್ತದೆ. ಕಾಗದದ ಮೇಲೆ ಮಾತ್ರ ಅದು ಮಳೆನೀರು ಸಂಗ್ರಹ.

ಮಾಡುವ ಕ್ರಮ ಕಷ್ಟದ್ದಲ್ಲ. ಮಳೆಗಾಲಕ್ಕೆ ಮುನ್ನ ತಾರಸಿ ಗುಡಿಸಿ, ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡುವ ಕವಾಟವಿರುವ ಸೋಸುಕ ಹಾಕಿಸಿ, ಸೋಸಿದ ನೀರನ್ನು ಸಂಪಿಗೆ ಬಿಡಿ. ಸಂಪು ತುಂಬಿ ಉಕ್ಕುವ ನೀರು ಇಂಗುಬಾವಿಗೆ ಹೋಗಲಿ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಇಂಗುಬಾವಿಯಲ್ಲಿ ಒಮ್ಮೆಗೆ ಸುಮಾರು 4000 ಲೀಟರ್ ನಿಲ್ಲುತ್ತದೆ. ಸಿಮೆಂಟಿನ ಬಳೆಗಳನ್ನು ಇಳಿಸಿ, ಬಳೆಯ ಸುತ್ತ ಜಲ್ಲಿ ತುಂಬಿ, ತಳವನ್ನು ಮಾತ್ರ ಮಣ್ಣಾಗಿಯೇ ಬಿಡಬೇಕು. ತಳಕ್ಕೆ ಕಾಂಕ್ರೀಟು ಹಾಕಿಸಿ ‘ನೀರು ಇಂಗುತ್ತಿಲ್ಲ’ ಎಂದು ದೂರುವ ಮನೆಯೊಡೆಯರನ್ನು ನಾನೇ ಕಂಡಿದ್ದೇನೆ. ಬಾವಿ ತೋಡುವುದನ್ನು ತಲೆಮಾರುಗಳಿಂದ ಬಲ್ಲ ಮಣ್ಣು ವಡ್ಡರ ಸಮುದಾಯದವರು ನಗರದ ಸುತ್ತಮುತ್ತ ಈಗಲೂ ಈ ಕೆಲಸ ಮಾಡುತ್ತಾರೆ; ನಗರಕ್ಕೆ ಹತ್ತು ಲಕ್ಷ ಇಂಗುಬಾವಿಗಳು ಬೇಕೆಂಬ ಆಂದೋಲನ ನಿಂತಿರುವುದೂ ಅವರ ಕೌಶಲದ ಮೇಲೆ. ಬಚ್ಚಲು ನೀರನ್ನಾಗಲಿ ರಸ್ತೆಯ ಕೊಳಚೆಯನ್ನಾಗಲಿ ಇಂಗುಬಾವಿಗೆ ಎಂದೂ ಬಿಡಬಾರದು, ಕೆಟ್ಟ ಅಂತರ್ಜಲವನ್ನು ಮತ್ತೆ ಸರಿಮಾಡುವ ದಾರಿ ನಮ್ಮ ಬಳಿ ಇಲ್ಲ. ಮಾದರಿಗಳನ್ನು ನೋಡಬಯಸುವವರು ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿ ನಡೆಸುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಉದ್ಯಾನಕ್ಕೆ ಹೋಗಬಹುದು. ಬೀದಿಯ ಹತ್ತು ಮನೆಯವರು ಒಟ್ಟಾಗಿ ತೋಡಿಸಿದರೆ ಖರ್ಚೂ ಇಳಿಯುತ್ತದೆ, ಮಳೆಗೆ ಬೀದಿಯ ತಗ್ಗಿನಲ್ಲಿ ನಿಲ್ಲುವ ನೀರೂ ಇಳಿಯುತ್ತದೆ.

ಕೆರೆಗೆ ಕೈಹಾಕುವ ಮುನ್ನ

ಬೆಂಗಳೂರಿನ ಕೆರೆಗಳು ತಾವಾಗಿ ಆದವಲ್ಲ. ಒಂದರ ಕೋಡಿ ಹರಿದು ಮತ್ತೊಂದರ ಒಡಲು ಸೇರುವಂತೆ ಊರಿನವರು ಕಟ್ಟಿದ ಸರಪಣಿಗಳು. ಆದ್ದರಿಂದ ನಿಮ್ಮ ಕೆರೆಯ ಸಮಸ್ಯೆಯ ಮೂಲ ಅದರ ಬೇಲಿಯ ಒಳಗೆ ಇರುವುದು ಅಪರೂಪ. 2015ರಿಂದ 2018ರವರೆಗೆ ಬೆಳ್ಳಂದೂರು ಕೆರೆ ನೊರೆ ಉಗುಳಿ, ನೀರಿನ ಮೇಲೇ ಬೆಂಕಿ ಹೊತ್ತಿ ಜಗತ್ತಿನ ಸುದ್ದಿಯಾಯಿತು. ಆ ನೊರೆ ನಗರದ ಒಂದು ದೊಡ್ಡ ಕಣಿವೆಯ ಮನೆಗಳಿಂದ ಸಂಸ್ಕರಣೆಯಿಲ್ಲದೆ ಹರಿದು ಬಂದ ಸೋಪು, ಡಿಟರ್ಜೆಂಟಿನ ನೀರಿನದು, ಕೋಡಿಯಲ್ಲಿ ಧುಮುಕಿದಾಗ ಉಬ್ಬಿದ್ದು ಅಷ್ಟೇ.

ಕೆಲಸದ ಅನುಕ್ರಮವನ್ನು ಇಲ್ಲಿ ತಪ್ಪಿಸಬಾರದು. ಮೊದಲು ಗ್ರಾಮನಕ್ಷೆ ಮತ್ತು ಸರ್ವೆ ನಂಬರಿನ ದಾಖಲೆ ಪಡೆದು ಕೆರೆಯ ನಿಜವಾದ ವಿಸ್ತೀರ್ಣ ಎಷ್ಟು ಎಕರೆ, ಎಷ್ಟು ಗುಂಟೆ ಎಂಬುದನ್ನು ತಿಳಿಯಿರಿ. ಒತ್ತುವರಿ ಇದ್ದರೆ ಸರ್ವೆ ಮಾಡಿಸಿ ಗಡಿಕಲ್ಲು ನೆಡಿಸುವಂತೆ ಬರೆಯಿರಿ. ಆಮೇಲೆ ನೀರು ಒಳಬರುವ ಕಾಲುವೆಗಳನ್ನು ಮೇಲಕ್ಕೆ ಹತ್ತುತ್ತಾ ನಡೆದು, ಮಳೆಯಿಲ್ಲದ ದಿನವೂ ನೀರು ಹರಿಯುವ ಪ್ರತಿಯೊಂದು ಬಾಯನ್ನೂ ಗುರುತಿಸಿ. ಬೇಸಿಗೆಯ ಮಧ್ಯಾಹ್ನ ಹರಿಯುವುದು ಖಂಡಿತ ಮಳೆನೀರಲ್ಲ. ಆ ಕೊಳಚೆಯನ್ನು ತಿರುಗಿಸುವುದೋ ಸಂಸ್ಕರಿಸುವುದೋ ತೀರ್ಮಾನವಾಗದೆ ಹೂಳೆತ್ತುವುದಕ್ಕೂ, ಹೂಳೆತ್ತದೆ ನಡಿಗೆಪಥಕ್ಕೂ, ನಡಿಗೆಪಥವಿಲ್ಲದೆ ಬಣ್ಣದ ದೀಪಕ್ಕೂ ಹೋಗಬಾರದು. ನಮ್ಮಲ್ಲಿ ಅನೇಕ ಸಲ ಕೆಲಸ ಶುರುವಾಗುವುದು ಈ ಪಟ್ಟಿಯ ಕೊನೆಯಿಂದ. ಹೂಳೆತ್ತುವಾಗಲೂ ಅಂಚನ್ನು ಬಟ್ಟಲಿನಂತೆ ಕಡಿದಾಗಿ ಕೊರೆಸದೆ, ಜೊಂಡು ಬೆಳೆಯುವ, ಕೊಕ್ಕರೆಗಳು ನಡೆದಾಡುವ ತೆಳುನೀರಿನ ಇಳಿಜಾರನ್ನು ಉಳಿಸಲು ಒತ್ತಾಯಿಸಿ.

ಇದು ಸಾಧ್ಯವೆಂಬುದಕ್ಕೆ ನಗರದಲ್ಲೇ ಉದಾಹರಣೆಗಳಿವೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು, ಮರುವರ್ಷ ಪಾಲಿಕೆಯೊಡನೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡರು. ಹದಿಮೂರು ಎಕರೆ ಚಿಲ್ಲರೆಯ ಆ ಕೆರೆ ಆಗ ಹೆಚ್ಚುಕಡಿಮೆ ಒಣ ಬಯಲಾಗಿತ್ತು. ಸರ್ಜಾಪುರ ರಸ್ತೆಯ ಕೈಕೊಂಡನಹಳ್ಳಿ ಕೆರೆಯಲ್ಲಿ ಯೋಜನೆಯ ನಕಾಶೆ ತಯಾರಾಗುವ ಹಂತದಲ್ಲೇ ನಿವಾಸಿಗಳು ಎಂಜಿನಿಯರುಗಳ ಜೊತೆ ಕೂತರು, ಅಲ್ಲಿನ ಯಶಸ್ಸಿಗೆ ನನ್ನ ಮಟ್ಟಿಗೆ ಅದೇ ಮುಖ್ಯ ಕಾರಣ. ಜಕ್ಕೂರಿನಲ್ಲಿ ಸಂಸ್ಕರಣಾ ಘಟಕದಿಂದ ಬಂದ ನೀರು ಜೊಂಡಿನ ಜೌಗಿನ ಮೂಲಕ ಇನ್ನಷ್ಟು ಸೋಸಿ ಕೆರೆ ಸೇರುತ್ತದೆ, ಅಲ್ಲಿ ಮೀನುಗಾರರೂ ಉಳಿದಿದ್ದಾರೆ. ಮೀನು ಹಿಡಿಯುವವರು, ದನಕ್ಕೆ ಹುಲ್ಲು ಕೊಯ್ಯುವವರು, ಬಟ್ಟೆ ಒಗೆಯುವವರು ಬಡಾವಣೆ ಬರುವುದಕ್ಕೂ ಮುನ್ನ ಕೆರೆಯ ಜೊತೆ ಬದುಕಿದವರು. ಬೇಲಿ ಹಾಕಿ ಅವರನ್ನು ಹೊರಗಿಟ್ಟರೆ ಕೆರೆ ಬೆಳಗಿನ ನಡಿಗೆಯವರ ಉದ್ಯಾನ ಮಾತ್ರ ಆಗುತ್ತದೆ, ಕೆರೆಯ ಮೇಲೆ ದಿನವಿಡೀ ಇದ್ದ ಕಣ್ಣುಗಳೂ ಹೋಗುತ್ತವೆ.

ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ನೀರಿನ ಬಣ್ಣ, ವಾಸನೆ, ನೊರೆ, ಮಟ್ಟಗಳನ್ನು ಬರೆದಿಡಿ. ಮೀನುಗಳು ಮುಂಜಾವದಲ್ಲಿ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಕುಸಿದಿದೆ ಎಂದು ತಿಳಿಯಿರಿ. ರಾತ್ರಿಯಿಡೀ ಪಾಚಿಯೂ ಉಸಿರಾಡಿ ಆಮ್ಲಜನಕ ಬಳಸುವುದರಿಂದ ಅದು ತೀರಾ ಕಡಿಮೆಯಾಗುವುದು ಸೂರ್ಯೋದಯಕ್ಕೆ ಮುಂಚೆ. ಬೇಸಿಗೆಯ ಮೊದಲ ಜೋರು ಮಳೆ ಚರಂಡಿಯ ಕೊಳೆಯನ್ನೆಲ್ಲ ಒಮ್ಮೆಗೇ ನೂಕಿ ತಂದ ಮಾರನೆಯ ದಿನ ಸಾಮೂಹಿಕ ಮೀನಿನ ಸಾವು ನಡೆಯುವುದೂ ಇದೇ ಕಾರಣಕ್ಕೆ. ಮೀನು ಮತ್ತು ವನ್ಯಜೀವಿಗಳಿಗೆ ತಕ್ಕ ‘ಡಿ’ ವರ್ಗದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ರಾಜ್ಯ ಮಂಡಳಿಯ ಪರೀಕ್ಷಾ ವರದಿಯಲ್ಲಿ ನಿಮ್ಮ ಕೆರೆಯ ಅಂಕಿಯನ್ನು ಇದರ ಪಕ್ಕ ಇಟ್ಟು ನೋಡಿ, ಅರ್ಜಿಗೆ ಲಗತ್ತಿಸಿ.

ಮರ ಕಡಿಯುವ ಸುದ್ದಿ ಬಂದಾಗ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ಅದರ ಪ್ರಕಾರ ನಗರದಲ್ಲಿ ಮರ ಕಡಿಯಲು ವೃಕ್ಷ ಅಧಿಕಾರಿಯ ಲಿಖಿತ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರಗಳು ಹೋಗುವಂತಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಗರಗಸದ ಸದ್ದು ಕೇಳಿದಾಗ ಮೊದಲು ಮಾಡಬೇಕಾದದ್ದು ಶಾಂತವಾಗಿ ಹೋಗಿ ಅನುಮತಿ ಪತ್ರದ ಪ್ರತಿ ಕೇಳುವುದು. ಪತ್ರದಲ್ಲಿರುವುದು ಕೊಂಬೆ ಸವರುವುದಕ್ಕೋ ಬುಡ ಕಡಿಯುವುದಕ್ಕೋ, ಎಷ್ಟು ಮರಕ್ಕೆ, ಯಾವ ಮರಕ್ಕೆ ಎಂದು ಓದಿ. ಪತ್ರ ಇಲ್ಲದಿದ್ದರೆ ಅರಣ್ಯ ವಿಭಾಗಕ್ಕೂ ಪೊಲೀಸರಿಗೂ ಅಲ್ಲಿಂದಲೇ ತಿಳಿಸಿ. ಆಕ್ಷೇಪಣೆಯ ಅವಕಾಶ ತೆರೆದಿದ್ದಾಗ ‘ಮರ ಉಳಿಸಿ’ ಎಂಬ ಒಂದೇ ಸಾಲಿನ ನೂರು ಪತ್ರಗಳಿಗಿಂತ, ಪ್ರತಿ ಮರದ ಜಾತಿ, ಎದೆಮಟ್ಟದ ಸುತ್ತಳತೆ, ಫೋಟೊ, ಮತ್ತು ಆ ಮರ ಉಳಿಸಿಕೊಂಡೇ ಕಾಮಗಾರಿ ಮಾಡಬಹುದಾದ ಬದಲಿ ದಾರಿ ಇರುವ ಹತ್ತು ಪತ್ರಗಳು ಭಾರವಾಗುತ್ತವೆ.

ಬೀದಿಗಿಳಿಯುವುದಕ್ಕೂ ಕಾಲವಿದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು 812 ಮರಗಳು ಹೋಗುತ್ತವೆಂದು ತಿಳಿದಾಗ, ಅಕ್ಟೋಬರ್ 16ರ ಬೆಳಿಗ್ಗೆ ಸಾವಿರಾರು ಜನ ಆ ದಾರಿಯುದ್ದಕ್ಕೂ ಮಾನವ ಸರಪಳಿಯಾಗಿ ನಿಂತರು. ‘ಬೇಡ’ ಎಂಬ ಕನ್ನಡದ ಒಂದೇ ಪದ ಎಲ್ಲ ಭಾಷೆಯವರ ಕೈಯ ಫಲಕದಲ್ಲೂ ಇತ್ತು. ಆದರೆ 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಡುವ ಹೊತ್ತಿಗೆ ಹಸಿರು ನ್ಯಾಯಮಂಡಳಿ ಮತ್ತು ಹೈಕೋರ್ಟಿನಲ್ಲಿ ಅರ್ಜಿಗಳೂ ನಡೆಯುತ್ತಿದ್ದವು, ಬೀದಿಯ ಫೋಟೊದಲ್ಲಿ ಆ ಕಡತಗಳು ಕಾಣಿಸುವುದಿಲ್ಲ.

ಅರ್ಜಿ ಮತ್ತು ಕಡತ

ಒಂದು ಅರ್ಜಿಯಲ್ಲಿ ಒಂದೇ ಕೋರಿಕೆ ಇರಲಿ. ಜಾಗದ ಗುರುತು, ದಿನಾಂಕ, ಎರಡು ಫೋಟೊ, ಏನಾಗಬೇಕು ಎಂಬ ಸ್ಪಷ್ಟ ವಾಕ್ಯ, ಐದಾರು ಮನೆಗಳ ಸಹಿ ಸಾಕು. ಕನ್ನಡದಲ್ಲೇ ಬರೆಯಿರಿ, ಕಚೇರಿಯಲ್ಲಿ ಕಡತ ಓಡಾಡುವುದು ಕನ್ನಡದಲ್ಲಿ. ಕೊಟ್ಟ ಪ್ರತಿಯೊಂದಕ್ಕೂ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಮೇಜಿನಿಂದ ಏಳಬೇಡಿ. ಮೊಹರಿಲ್ಲದ ಅರ್ಜಿ ಕೊಟ್ಟಿದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ. ಪಾಲಿಕೆಯ 1533, ಜಲಮಂಡಳಿಯ 1916 ಸಹಾಯವಾಣಿಗಳಲ್ಲಿ ದೂರು ಕೊಟ್ಟರೆ ಸಂಖ್ಯೆ ಬರೆದಿಡಿ. ಕೆಲಸ ಆಗದೆಯೇ ದೂರನ್ನು ‘ಪರಿಹರಿಸಲಾಗಿದೆ’ ಎಂದು ಮುಚ್ಚಿದ ಅನುಭವ ನಮ್ಮ ಬೀದಿಗೂ ಆಗಿದೆ. ಅಂದಿನ ಸ್ಥಳದ ಫೋಟೊ ಮತ್ತು ಮುಚ್ಚಿದ ಸಂದೇಶವನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ ಮೇಲಿನ ಅಧಿಕಾರಿಗೆ ಕೊಟ್ಟ ಮೇಲೆಯೇ ಮೋರಿ ಸ್ವಚ್ಛವಾದದ್ದು.

ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ‘ಯಾಕೆ ಮಾಡಿಲ್ಲ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ದಾಖಲೆ ಕೇಳಬೇಕು: ಇಂಥ ರಸ್ತೆಯ ಇಂಥ ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು ಮತ್ತು ಪಾವತಿಯ ಬಿಲ್ಲಿನ ದೃಢೀಕೃತ ಪ್ರತಿ. ಅಳತೆ ಪುಸ್ತಕದಲ್ಲಿ ಬರೆದಷ್ಟು ಉದ್ದದ ಚರಂಡಿ ನಿಜಕ್ಕೂ ಇದೆಯೇ ಎಂದು ಟೇಪು ಹಿಡಿದು ನೋಡುವುದು ಯಾರ ಅಪ್ಪಣೆಯೂ ಬೇಡದ ಕೆಲಸ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಅದೇ ಕಚೇರಿಯ ಮೊದಲ ಮೇಲ್ಮನವಿ ಪ್ರಾಧಿಕಾರಿಗೆ, ಅಲ್ಲಿಯೂ ಆಗದಿದ್ದರೆ ಮಾಹಿತಿ ಆಯೋಗಕ್ಕೆ ಹೋಗಬಹುದು.

ವಾರ್ಡ್ ಸಮಿತಿ, ಗುಂಪು, ಹಣ

ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ 243 ಎಸ್ ವಿಧಿ ಹೇಳುತ್ತದೆ. ಕಾಗದದಲ್ಲಿ ನಿವಾಸಿಗಳಿಗೆ ಇದಕ್ಕಿಂತ ಹತ್ತಿರದ ವೇದಿಕೆ ಇನ್ನೊಂದಿಲ್ಲ. ಬೆಂಗಳೂರಿನಲ್ಲಿ ಅದು ಬಹುಕಾಲ ಹೆಸರಿಗಷ್ಟೇ ಇತ್ತು; 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೂ ನಡೆಯಲಿಲ್ಲ, ವಾರ್ಡಿನ ಹೊಣೆ ಹೊತ್ತ ನೋಡಲ್ ಅಧಿಕಾರಿಗಳೇ ಸಭೆ ಕರೆದರು. ಆಗಲೂ ಬಿಡದೆ ತಿಂಗಳು ತಿಂಗಳು ಹೋಗಿ ಕೂತ ವಾರ್ಡುಗಳಲ್ಲಿ ಕೆಲಸಗಳು ಆಗಿವೆ. ಸಭೆಯ ದಿನವನ್ನು ಮೊದಲೇ ಕೇಳಿ ತಿಳಿಯಿರಿ, ವಿಷಯವನ್ನು ಮುಂಚಿತವಾಗಿ ಬರೆದು ಕೊಡಿ, ಮಾತನಾಡುವಾಗ ಮೂರು ನಿಮಿಷ ದಾಟಬೇಡಿ, ನಡಾವಳಿಯಲ್ಲಿ ನಿಮ್ಮ ವಿಷಯ ಬರೆದಿದ್ದಾರೆಯೇ ಎಂದು ನೋಡಿ, ಮುಂದಿನ ಸಭೆಯಲ್ಲಿ ಆ ನಡಾವಳಿಯಿಂದಲೇ ಮಾತು ಶುರುಮಾಡಿ. ಪಾಲಿಕೆಯ ಆಯವ್ಯಯ ಏಪ್ರಿಲ್‌ನಿಂದ ಶುರುವಾಗುವ ವರ್ಷದ್ದಾದ್ದರಿಂದ ಇಂಗುಗುಂಡಿ, ಎಲೆಗೊಬ್ಬರದ ತೊಟ್ಟಿ, ಪಾದಚಾರಿ ಮಾರ್ಗದ ಬೇಡಿಕೆಗಳನ್ನು ನವೆಂಬರ್, ಡಿಸೆಂಬರ್ ಹೊತ್ತಿಗೇ ಕೊಡಬೇಕು. ಮಾರ್ಚ್‌ನಲ್ಲಿ ಕೊಟ್ಟದ್ದು ಮುಂದಿನ ವರ್ಷಕ್ಕೂ ಸಿಗುವುದು ಕಷ್ಟ.

ಗುಂಪಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ವಾಟ್ಸಾಪಿನಲ್ಲಿ ಮುನ್ನೂರು ಜನರಿದ್ದರೂ ಕೆಲಸ ಮಾಡುವವರು ಐದಾರು ಮಂದಿ, ಅದನ್ನು ಮೊದಲೇ ಒಪ್ಪಿಕೊಂಡರೆ ಬೇಸರವಿಲ್ಲ. ಆ ಐದಾರರಲ್ಲಿ ಒಬ್ಬರಾದರೂ ಬಾಡಿಗೆದಾರರು, ಒಬ್ಬರು ಅಂಗಡಿಯವರು, ಒಬ್ಬರು ಪಕ್ಕದ ಕೊಳೆಗೇರಿಯವರು ಇರಲಿ. ಮನೆ ಮಾಲೀಕರಷ್ಟೇ ಸೇರಿದ ಗುಂಪು ‘ಪರಿಸರ’ದ ಹೆಸರಿನಲ್ಲಿ ತಳ್ಳುಗಾಡಿಯವರನ್ನು ಓಡಿಸಲು ಹೊರಡುವುದನ್ನು ನೋಡಿದ್ದೇನೆ. ಹಣ ಮುಟ್ಟುವ ಹಂತ ಬಂದರೆ ಮಾತ್ರ ನೋಂದಣಿ ಮಾಡಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಏಳು ಜನ ಸಾಕು. ಪ್ರತಿ ತಿಂಗಳ ಜಮಾಖರ್ಚನ್ನು ಕೇಳುವ ಮೊದಲೇ ಎಲ್ಲರಿಗೂ ಕಳಿಸಿ.

ಋತುವಿಗೆ ತಕ್ಕ ಕೆಲಸ

ವರ್ಷದ ಕೆಲಸವನ್ನು ಋತುವಿಗೆ ಹೊಂದಿಸಿಕೊಂಡರೆ ಅರ್ಧ ಶ್ರಮ ಉಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಚರಂಡಿಯ ಹೂಳು ತೆಗೆಸಿ, ತೆಗೆದ ಹೂಳನ್ನು ಅದರ ದಂಡೆಯಲ್ಲೇ ಬಿಡದೆ ಅಂದೇ ಸಾಗಿಸಲು ನೋಡಿಕೊಳ್ಳಿ, ಇಲ್ಲದಿದ್ದರೆ ಮೊದಲ ಮಳೆಗೆ ಅದು ವಾಪಸು ಇಳಿಯುತ್ತದೆ. ಜೂನ್‌ನಲ್ಲಿ ಸಸಿ ನೆಡಿ; ಹೊಂಗೆ, ನೇರಳೆ, ಬೇವುಗಳನ್ನು ತಂತಿಯ ಅಡಿಯಲ್ಲಿ ನೆಡದಿರಿ, ಮತ್ತು ಎರಡು ಬೇಸಿಗೆ ನೀರು ಹಾಕುವವರ ಹೆಸರು ಗೊತ್ತಾದಷ್ಟೇ ಸಸಿಗಳನ್ನು ತನ್ನಿ. ಗಣೇಶನ ಹಬ್ಬಕ್ಕೆ ಒಂದು ತಿಂಗಳ ಮೊದಲೇ ಬೀದಿಯ ಮಂಡಳಿಯ ಹುಡುಗರ ಜೊತೆ ಮಾತನಾಡಿ. ಬಣ್ಣವಿಲ್ಲದ ಮಣ್ಣಿನ ಮೂರ್ತಿ ತರಿಸುವುದು, ವಿಸರ್ಜನೆಯನ್ನು ಕಲ್ಯಾಣಿಯಲ್ಲೋ ಸಂಚಾರಿ ತೊಟ್ಟಿಯಲ್ಲೋ ಮಾಡುವುದು ಅವರ ತೀರ್ಮಾನವಾಗಿಯೇ ಬರಬೇಕು. ನವೆಂಬರ್‌ನಲ್ಲಿ ಆಯವ್ಯಯದ ಪಟ್ಟಿ.

ಜನವರಿಯಿಂದ ಮಾರ್ಚ್‌ವರೆಗೆ ಎಲೆ ಉದುರುವ ಕಾಲ. ಗುಡಿಸಿ ರಾಶಿ ಹಾಕಿದ ಎಲೆಗೆ ಬೆಂಕಿ ಇಡುವುದಕ್ಕೆ ನಿಷೇಧವಿದ್ದರೂ, ಹೊತ್ತು ಸಾಗಿಸಲು ಗಾಡಿ ಇಲ್ಲದ ಪೌರಕಾರ್ಮಿಕರಿಗೆ ಬೇರೆ ದಾರಿಯೂ ಕಾಣುವುದಿಲ್ಲ. ಉದ್ಯಾನದ ಮೂಲೆಯಲ್ಲಿ ಕಬ್ಬಿಣದ ಜಾಲರಿಯನ್ನು ನಾಲ್ಕು ಅಡಿ ಅಗಲದ ದುಂಡು ತೊಟ್ಟಿಯಾಗಿ ಸುತ್ತಿ ನಿಲ್ಲಿಸಿ, ಎಲೆ ತುಂಬಿದಂತೆ ಸಗಣಿ ನೀರು ಎರಚುತ್ತಾ ಕಾಲಿನಿಂದ ತುಳಿದು ಒತ್ತುತ್ತಾ ಬನ್ನಿ. ವಾರಕ್ಕೊಮ್ಮೆ ತೇವ ನೋಡಿಕೊಂಡರೆ ಸಾಕು. ಒಂದಷ್ಟು ಒಣ ಎಲೆಯನ್ನು ಚೀಲಗಳಲ್ಲಿ ತುಂಬಿ ಬೀದಿಯ ಮಡಕೆ ಗೊಬ್ಬರದ ಮನೆಗಳಿಗೆ ಹಂಚಿ, ಮಳೆಗಾಲದಲ್ಲಿ ಅವರಿಗೆ ಒಣ ಎಲೆ ಸಿಗುವುದಿಲ್ಲ. ಜಾಲರಿಯಲ್ಲಿ ಉಳಿದದ್ದು ಜೂನ್ ಹೊತ್ತಿಗೆ ಪುಡಿಯಾಗಿ ಇಳಿದಿರುತ್ತದೆ, ಸಸಿ ನೆಡುವ ಗುಂಡಿಗಳಿಗೆ ಅದನ್ನೇ ಹಾಕಬಹುದು.